ಸೆನ್ಸರ್ ಬಿಸಿ ಮಾಡಿ ನೋಡಿ: ಹಾಟ್ ಪಿಕ್ಸೆಲ್ ಪರೀಕ್ಷೆಯಲ್ಲಿ ನನ್ನ ಅನುಭವ

ಕುಂದಾಪುರದ ಕಡೆಯ ಬಯಲಾಟಗಳನ್ನು ಚಿತ್ರಿಸಲೆಂದು ನಾಲ್ಕು ವರ್ಷಗಳ ಹಿಂದೆ ಸುಮಾರು 40 ಸಾವಿರ ರೂಪಾಯಿ ಕೊಟ್ಟು ಸೆಕೆಂಡ್ ಹ್ಯಾಂಡ್ ಕ್ಯಾನನ್ 6ಡಿ ಕ್ಯಾಮೆರಾ ಕೊಂಡೆ. ಅಂಗಡಿಯ ಎಸಿ ಕೋಣೆಯಲ್ಲಿ ಮುಚ್ಚಳ ಹಾಕಿ ತೆಗೆದ ನಾಲ್ಕೈದು ಫ್ರೇಮುಗಳು ಅಚ್ಚ ಕಪ್ಪಾಗಿದ್ದವು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಎರಡು ತಾಸು ಲೈವ್ ವ್ಯೂ (ಹಿಂದಿನ ಪರದೆಯಲ್ಲೇ ದೃಶ್ಯ ನೋಡುವ ವಿಧಾನ) ಬಳಸಿದ ಮೇಲೆ, ಕಿರೀಟದ ಹಿಂದಿನ ಕತ್ತಲಲ್ಲಿ ಕೆಂಪು, ನೀಲಿ ಚುಕ್ಕೆಗಳು ಎದ್ದು ಕಂಡವು. ಇವೇ ಹಾಟ್ ಪಿಕ್ಸೆಲ್ಲುಗಳು: ಬೆಳಕು ಬೀಳದಿದ್ದರೂ ಹೊಳೆಯುವ, ಸೆನ್ಸರಿನ ಬಿಂದುಗಳು. ರಿಪೇರಿಯವರು ಸೆನ್ಸರ್ ಬದಲಿಸಲು 25 ಸಾವಿರ ಕೇಳಿದರು.

ಅಂದಿನಿಂದ ಬಿಸಿ ಮಾಡದೆ ನಾನು ಯಾವ ಸೆನ್ಸರನ್ನೂ ನಂಬುವುದಿಲ್ಲ. ಉಷ್ಣತೆ 6ರಿಂದ 8 ಡಿಗ್ರಿ ಏರಿದರೆ ಡಾರ್ಕ್ ಕರೆಂಟ್ (ಬೆಳಕಿಲ್ಲದಿದ್ದರೂ ಸೆನ್ಸರಿನಲ್ಲಿ ಹರಿಯುವ ಸಣ್ಣ ವಿದ್ಯುತ್ತು) ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ, ತಣ್ಣಗಿರುವಾಗ ಅಡಗಿದ್ದ ಪಿಕ್ಸೆಲ್ಲುಗಳು ಬಿಸಿಯಲ್ಲಿ ಹೊರಬೀಳುತ್ತವೆ. ಇಪ್ಪತ್ತು ನಿಮಿಷ ಲೈವ್ ವ್ಯೂ ಓಡಿಸಿ, ಕೂಡಲೇ ಮುಚ್ಚಳ ಹಾಕಿ ಐಎಸ್‌ಒ 1600ರಲ್ಲಿ 30 ಸೆಕೆಂಡಿನ ರಾ (ಸೆನ್ಸರ್ ಕೊಟ್ಟದ್ದನ್ನು ಹಾಗೆಯೇ ಉಳಿಸುವ) ಫ್ರೇಮುಗಳನ್ನು ತೆಗೆಯುತ್ತೇನೆ. ಇದರಿಂದ ಕ್ಯಾಮೆರಾ ಕೆಡುತ್ತದೆ ಎಂದು ಜೊತೆಯವರು ಹೆದರಿಸಿದರು. ನನ್ನ ಯಾವ ಬಾಡಿಯೂ ಕೆಟ್ಟಿಲ್ಲ.

ಮೊದಮೊದಲು ನಾನು ಸೋತದ್ದು ಸಣ್ಣ ಸಂಗತಿಗಳಲ್ಲಿ. ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಇದ್ದದ್ದರಿಂದ ಕ್ಯಾಮೆರಾವೇ ಚುಕ್ಕೆಗಳನ್ನು ಕಳೆದುಬಿಡುತ್ತಿತ್ತು. ಅದನ್ನು ಆಫ್ ಮಾಡಿದರೂ ಫೋಟೋ ತಿದ್ದುವ ತಂತ್ರಾಂಶ ಲೈಟ್‌ರೂಮ್ ತಾನಾಗಿಯೇ ಹಲವನ್ನು ಅಳಿಸುತ್ತಿತ್ತು. ವ್ಯೂಫೈಂಡರ್ ಮುಚ್ಚದೆ ತೆಗೆದ ಒಂದು ಸಂಜೆಯ ಫ್ರೇಮುಗಳೆಲ್ಲ ಬೆಳಕು ಸೋರಿ ವ್ಯರ್ಥವಾದವು. ಈಗ ರಾಥೆರಪಿ ಎಂಬ ತಂತ್ರಾಂಶದಲ್ಲಿ ಡಿಮೊಸೈಕ್ (ಅಕ್ಕಪಕ್ಕದ ಪಿಕ್ಸೆಲ್ಲುಗಳನ್ನು ಬೆರೆಸಿ ಬಣ್ಣ ತುಂಬುವ ಹಂತ) ಇಲ್ಲದೆ ತೆರೆದು 400 ಪ್ರತಿಶತಕ್ಕೆ ಹಿಗ್ಗಿಸಿ ನೋಡುತ್ತೇನೆ; ಜೆಪೆಗ್‌ನಲ್ಲಿ ಅಕ್ಕಪಕ್ಕಕ್ಕೂ ಬಣ್ಣ ಹರಡಿ ಕೂಡಿಸುವ ಚಿಹ್ನೆಯಂತೆ ಕಾಣುವ ಕಲೆ, ಇಲ್ಲಿ ಒಂದೇ ಒಂದು ಚೌಕವಾಗಿ ನಿಲ್ಲುತ್ತದೆ. ಮೂರು ಫ್ರೇಮುಗಳಲ್ಲೂ ಅದೇ ಜಾಗದಲ್ಲಿದ್ದರೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ. ಬೆಳಕು ಬಿದ್ದರೂ ಕಪ್ಪಾಗಿಯೇ ಉಳಿಯುವ ಸತ್ತ ಪಿಕ್ಸೆಲ್ಲನ್ನು ಹುಡುಕಲು ಫೋಕಸ್ ತಪ್ಪಿಸಿ ತೆಗೆದ ಬಿಳಿ ಗೋಡೆಯ ಚಿತ್ರ ಸಾಕು.

ಒಮ್ಮೆ ಕ್ಯಾಮೆರಾವನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರಿಜ್‌ನಲ್ಲಿ ಅರ್ಧ ತಾಸು ಇಟ್ಟೆ. ಬಿಸಿಯಲ್ಲಿ ಎಪ್ಪತ್ತರ ಹತ್ತಿರವಿದ್ದ ಚುಕ್ಕೆಗಳ ಎಣಿಕೆ ನಾಲ್ಕಕ್ಕೆ ಇಳಿಯಿತು. ಹೊರತೆಗೆದ ಮೇಲೆ ಚೀಲವನ್ನು ಬಿಚ್ಚಲು ಮಾತ್ರ ಎರಡು ತಾಸು ಕಾದೆ, ಇಲ್ಲವಾದರೆ ಒಳಗೆ ನೀರು ಕೂರುತ್ತದೆ.

ಕೊನೆಗೆ ಬಾಡಿ ಕ್ಯಾಪ್ ಹಾಕಿ, ಮೆನುವಿನ ಮ್ಯಾನುಯಲ್ ಸೆನ್ಸರ್ ಕ್ಲೀನಿಂಗ್ ಆರಿಸಿ, ಒಂದು ನಿಮಿಷ ಬಿಟ್ಟು ಆಫ್ ಮಾಡಿದೆ. ಆಗ ಕ್ಯಾಮೆರಾ ಹಾಟ್ ಪಿಕ್ಸೆಲ್ಲುಗಳನ್ನು ಗುರುತಿಸಿಕೊಂಡು ಚಿತ್ರದಲ್ಲಿ ಮರೆಮಾಡುತ್ತದೆ. ಬಿಸಿ ಮಾಡಿದ ಮೇಲೆಯೇ ಇದನ್ನು ಮಾಡಬೇಕು; ಅದಕ್ಕೆ ಮುಂಚೆ ನಾನು ಮಾಡುವ ಇನ್ನೊಂದು ಕೆಲಸವಿದೆ, ಅದು ನನ್ನ ಬಳಿಯೇ ಇರಲಿ. ಎಪ್ಪತ್ತು ಚುಕ್ಕೆಗಳಲ್ಲಿ ಆರು ಉಳಿದವು. 25 ಸಾವಿರ ಉಳಿಯಿತು, ಅದೇ ಬಾಡಿಯಲ್ಲಿ ಮತ್ತೆ ಮೂರು ತಿರುಗಾಟಗಳ ಆಟಗಳನ್ನು ತೆಗೆದಿದ್ದೇನೆ.