ರೆಸಾರ್ಟ್ ಕೆಲಸಕ್ಕೆ ಸೇರೋ ಮುಂಚೆ ಮಳೆಗಾಲದ ಸಂಬಳ ಕೇಳಿ

ಪಿಯುಸಿ, ಡಿಗ್ರಿ ಮುಗಿಸಿದ ಹುಡುಗ್ರು ಹುಡುಗೀರು ಪ್ರತಿ ವರ್ಷ ನನ್ನ ಹತ್ರ ಇದೇ ಕೇಳ್ತಾರೆ, ಬೆಂಗಳೂರಿಗೆ ಹೋಗ್ಲಾ, ಇಲ್ಲಾ ಇಲ್ಲೇ ಚಿಕ್ಕಮಗಳೂರು ಕಡೆ ಯಾವ್ದಾದ್ರೂ ರೆಸಾರ್ಟ್ ಸೇರ್ಕೊಳ್ಲಾ ಅಂತ. ಇಲ್ಲೇ ಇರಿ ಅನ್ನೋಕೆ ನಂಗೆ ಆಸೆ. ಕೈಮರದಿಂದ ಮೇಲೆ, ಮೂಡಿಗೆರೆ ಸುತ್ತ, ಆಕಡೆ ಸಕಲೇಶಪುರ, ಎಲ್ಲಿ ನೋಡಿದ್ರೂ ಕಾಫಿ ತೋಟದೊಳಗೆ ಹೊಸ ರೂಮುಗಳು ಏಳ್ತಾನೇ ಇವೆ, ಒಂದು ರಾತ್ರಿಗೆ ಇಪ್ಪತ್ತು ಸಾವಿರ ಕೊಡೋರೂ ಬರ್ತಾರೆ, ಕೆಲಸ ಖಂಡಿತ ಇದೆ. ಆದ್ರೆ ಇದು ಸೀಸನ್ ಊರು. ದಸರಾ ರಜೆಯಿಂದ ಹೊಸ ವರ್ಷದ ತನಕ ಜನವೋ ಜನ, ಆಮೇಲೆ ಏಪ್ರಿಲ್, ಮೇ ತಿಂಗಳ ಮಕ್ಕಳ ರಜೆ, ಜೂನಲ್ಲಿ ಮಳೆ ಹಿಡೀತು ಅಂದ್ರೆ ಶನಿವಾರ ಭಾನುವಾರ ಬಿಟ್ಟು ಉಳಿದ ದಿನ ರೂಮು ಖಾಲಿ, ಗುಡ್ಡ ಕುಸಿದು ರಸ್ತೆ ಬಂದ್ ಆದ್ರೆ ಅದೂ ಇಲ್ಲ.

ಅದಕ್ಕೇ ಸಂಬಳ ಎಷ್ಟು ಅಂತ ಕೇಳೋ ಮುಂಚೆ, ಜೂನ್, ಜುಲೈ, ಆಗಸ್ಟಲ್ಲಿ ನಂಗೆ ಎಷ್ಟು ಕೊಡ್ತೀರಾ ಅಂತ ಕೇಳಿ. ನಾನು ಮೊದ್ಲು ಕೆಲಸ ಮಾಡಿದ ಜಾಗದಲ್ಲಿ ಇದನ್ನ ಕೇಳಲಿಲ್ಲ, ಜೂನ್ ಎರಡನೇ ವಾರ ಮ್ಯಾನೇಜರ್ ಕರೆದು "ಮಳೆ ಕಮ್ಮಿ ಆದ್ಮೇಲೆ ಫೋನ್ ಮಾಡ್ತೀವಿ, ಸದ್ಯಕ್ಕೆ ಮನೆಗೆ ಹೋಗಿ" ಅಂದ್ರು, ಬ್ಯಾಗು ಹಿಡ್ಕೊಂಡು ಛತ್ರಿ ಕೆಳಗೆ ಬಸ್ಸಿಗೆ ಕಾದಿದ್ದು ಇವತ್ತಿಗೂ ಮರೆತಿಲ್ಲ. ಲೆಕ್ಕ ಹಾಕಿ ನೋಡಿ. ತಿಂಗಳಿಗೆ 18 ಸಾವಿರ ಅಂತಾರೆ, ಆದ್ರೆ 9 ತಿಂಗಳು ಮಾತ್ರ, ಅಲ್ಲಿಗೆ ವರ್ಷಕ್ಕೆ 1,62,000. ಇನ್ನೊಬ್ಬರು 15 ಸಾವಿರ ಅಂತಾರೆ, ಆದ್ರೆ 12 ತಿಂಗಳೂ ಕೊಡ್ತಾರೆ, 1,80,000. ಕಮ್ಮಿ ಅಂತ ಕಾಣ್ಸಿದ್ದೇ ಜಾಸ್ತಿ.

ಊಟ, ರೂಮು ಫ್ರೀ ಅಂದ್ರೆ ಆ ರೂಮನ್ನ ಕಣ್ಣಾರೆ ನೋಡ್ಕೊಂಡು ಬನ್ನಿ, ಎಷ್ಟು ಜನಕ್ಕೆ ಒಂದು ಬಾತ್‌ರೂಮು, ಒದ್ದೆ ಬಟ್ಟೆ ಒಣಗಿಸೋಕೆ ಜಾಗ ಇದ್ಯಾ, ನಮ್ಮ ಮಳೆಗೆ ಇದು ಸಣ್ಣ ವಿಷ್ಯ ಅಲ್ಲ. ಹೆಣ್ಮಕ್ಕಳಾದ್ರೆ ರಾತ್ರಿ ಶಿಫ್ಟ್ ಮುಗಿದ್ಮೇಲೆ ಮನೆ ತನಕ ಗಾಡಿ ಕೊಡ್ತಾರಾ ಅಂತ ಮೊದ್ಲೇ ಮಾತಾಡಿ. 10 ಜನ ಅಥವಾ ಜಾಸ್ತಿ ಕೆಲಸದವರಿದ್ದು ನಿಮ್ಮ ಸಂಬಳ 21 ಸಾವಿರದೊಳಗಿದ್ರೆ ಇಎಸ್‌ಐ, ಅಂದ್ರೆ ಹುಷಾರಿಲ್ದಾಗ ಚಿಕಿತ್ಸೆಗೆ ಆಗೋ ಸರ್ಕಾರಿ ವಿಮೆ, ಬರಬೇಕು, ಅದಕ್ಕೆ ನಿಮ್ಮ ಸಂಬಳದಲ್ಲಿ ಹಿಡಿಯೋದು 0.75 ಪರ್ಸೆಂಟ್, ಮಾಲೀಕರು ಹಾಕೋದು 3.25. 20 ಜನ ಇದ್ರೆ ಪಿಎಫ್ ಕೂಡ. ಯುಎಎನ್, ಅಂದ್ರೆ ನಿಮ್ಮ ಪಿಎಫ್ ನಂಬರ್ ಕೇಳೋಕೆ ನಾಚ್ಕೋಬೇಡಿ, ಅದು ಅವರು ಮಾಡೋ ಉಪಕಾರ ಏನಲ್ಲ.

ಇನ್ನು ಯಾವ ಕೆಲಸ ಕಲೀಬೇಕು ಅಂತ. ಬುಕಿಂಗ್ ಎಲ್ಲಾ ಮೊಬೈಲಲ್ಲೇ ಆಗ್ತಿರೋದ್ರಿಂದ ಬರೀ ಕೌಂಟರಲ್ಲಿ ಕೂತು ಎಂಟ್ರಿ ಹಾಕೋ ಕೆಲಸ ಮುಂದೆ ಕಮ್ಮಿ ಆಗುತ್ತೆ ಅನ್ಸುತ್ತೆ. ಆದ್ರೆ ಮಳೆಯಲ್ಲಿ ಕರೆಂಟ್ ಹೋಗಿ ಜನರೇಟರ್ ಕೈ ಕೊಟ್ಟಾಗ, ಸೋಲಾರಲ್ಲಿ ಬಿಸಿನೀರು ಬರ್ದೇ ಗೆಸ್ಟ್ ಕೂಗಾಡ್ತಿರುವಾಗ ರಿಪೇರಿ ಮಾಡೋನಿಗೆ ಯಾವ ಕಾಲದಲ್ಲೂ ಬೆಲೆ ಇದೆ. ಐಟಿಐ ಎಲೆಕ್ಟ್ರಿಷಿಯನ್, ಪ್ಲಂಬರ್ ಮಾಡಿರೋರು ನಾಲ್ಕೈದು ಹೋಂಸ್ಟೇ ಒಟ್ಟಿಗೆ ನೋಡ್ಕೋಬಹುದು, ಒಂದು ಕಡೆ ಬಿಟ್ರೂ ಇನ್ನೊಂದು ಕಡೆ ಇರುತ್ತೆ.

ನಂಗೆ ಜಾಸ್ತಿ ನಂಬಿಕೆ ಇರೋದು ಅಡುಗೆ ಮೇಲೆ. ಪನೀರ್ ಬಟರ್ ಮಸಾಲ ಗೆಸ್ಟ್‌ಗೆ ಅವರ ಮನೆ ಹತ್ರಾನೇ ಸಿಗುತ್ತೆ, ಇಲ್ಲಿ ಬಂದು ಅವರು ಹುಡುಕೋದು ಕಡುಬು, ಅಕ್ಕಿ ರೊಟ್ಟಿ, ಪತ್ರೊಡೆ. ಪತ್ರೊಡೆಗೆ ಬೇಕಾದ ಮರಕೆಸದ ಎಲೆ, ಪಲ್ಯಕ್ಕಾಗೋ ಕಳಲೆ (ಎಳೆ ಬಿದಿರು) ಎರಡೂ ಬರೋದೇ ಮಳೆಗಾಲದಲ್ಲಿ, ಅಂದ್ರೆ ಕೆಲಸ ಇಲ್ಲ ಅನ್ನೋ ತಿಂಗಳಲ್ಲೇ ನಮ್ಮ ಅಡುಗೆಮನೆಗೆ ಸೀಸನ್. ನಮ್ಮಮ್ಮ ಕಳಲೆನ ಸಣ್ಣಗೆ ಹೆಚ್ಚಿ ಮೂರು ದಿನ ನೀರಲ್ಲಿ ನೆನೆಹಾಕಿ ದಿನಾ ನೀರು ಬದಲಾಯಿಸ್ತಾರೆ, ಕಹಿ ಮತ್ತೆ ನಂಜು ಹೋಗ್ಲಿ ಅಂತ, ಆಮೇಲೇ ಪಲ್ಯಕ್ಕೆ ತಗೊಳ್ಳೋದು. ಇಷ್ಟನ್ನ ಸರಿಯಾಗಿ ಕಲಿತ ಹುಡುಗ ಮಾಲೀಕರ ಹತ್ರ ಹೋಗಿ "ಮಳೆಗಾಲದ ಮೆನು ನಾನು ಮಾಡ್ತೀನಿ, ನನ್ನ ಇಟ್ಕೊಳ್ಳಿ" ಅನ್ನಬಹುದು. (ಕಳಲೆ ತೋಟದ ಬಿದಿರಿಂದ್ಲೇ ತನ್ನಿ, ಕಾಡಲ್ಲಿ ಮುರಿಯೋಕೆ ಹೋಗ್ಬೇಡಿ, ಕೇಸ್ ಆಗುತ್ತೆ.) ಮುಂದೆ ಮನೇಲೇ ಊಟ ಮಾಡಿ ಹೋಂಸ್ಟೇಗೆ ಕಳಿಸೋ ಯೋಚ್ನೆ ಇದ್ರೆ ಆಹಾರ ಸುರಕ್ಷತೆಯವರ ಎಫ್‌ಎಸ್‌ಎಸ್‌ಎಐ ರಿಜಿಸ್ಟ್ರೇಷನ್ ಮಾಡಿಸ್ಕೊಳ್ಳಿ.

ಕಾಫಿ ಊರಲ್ಲಿ ಹುಟ್ಟಿ ಕಾಫಿ ಬಗ್ಗೆ ಎರಡು ಮಾತು ಹೇಳೋಕೆ ಬರ್ದಿದ್ರೆ ಹೇಗೆ. ಅರೇಬಿಕಾ ಕೊಯ್ಲು ಯಾವಾಗ, ರೋಬಸ್ಟಾ ಯಾಕೆ ಲೇಟು, ಪಲ್ಪಿಂಗ್ ಅಂದ್ರೇನು, ಬಾಬಾ ಬುಡನ್ ತಂದ ಏಳು ಬೀಜದ ಕಥೆ, ಇಷ್ಟು ಹೇಳ್ಕೊಂಡು ತೋಟ ಸುತ್ತಿಸೋರನ್ನ ಗೆಸ್ಟ್ ಮರೆಯಲ್ಲ. ರೋಸ್ಟಿಂಗ್, ಬ್ರೂಯಿಂಗ್ ಕಲಿಯೋಕೆ ಕಾಫಿ ಬೋರ್ಡ್‌ದು ಕಾಪಿ ಶಾಸ್ತ್ರ ಅಂತ ಟ್ರೈನಿಂಗ್ ಇದೆ, ಡಿಗ್ರಿ ಆದವರಿಗೆ ಕಾಫಿ ಕ್ವಾಲಿಟಿ ಮ್ಯಾನೇಜ್ಮೆಂಟ್ ಡಿಪ್ಲೊಮಾನೂ ಇದೆ. ಇದು ರೆಸಾರ್ಟ್ ಬಿಟ್ರೂ ಕೈ ಹಿಡಿಯೋ ವಿದ್ಯೆ. ಹಕ್ಕಿ, ಕಾಡು ಇಷ್ಟಪಡೋರು ನ್ಯಾಚುರಲಿಸ್ಟ್, ಅಂದ್ರೆ ಗೆಸ್ಟ್‌ಗೆ ಕಾಡು ತೋರಿಸಿ ವಿವರಿಸೋರು, ಆಗೋ ದಾರಿ ನೋಡಿ, ಲಕ್ಕವಳ್ಳಿಯಲ್ಲಿ ರಿವರ್ ಟರ್ನ್ ಲಾಡ್ಜ್ ನಡೆಸೋ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರೇ ಈ ಟ್ರೈನಿಂಗ್ ಕೊಡ್ತಾರೆ. ಮಳೆಗಾಲದ ಬೆಳಗ್ಗೆ ಕೂಗೋದು ಸಿಳ್ಳಾರ ಹಕ್ಕಿ ಅಂತ ಗೊತ್ತಿರೋ ನಮ್ಮೂರ ಹುಡುಗನ್ನ ಬಿಟ್ಟು ಹೊರಗಿಂದ ಗೈಡ್ ಕರೆಸೋದು ನೋಡಿದ್ರೆ ನಂಗೆ ಹೊಟ್ಟೆ ಉರಿಯುತ್ತೆ.

ಭಾಷೆ ವಿಷ್ಯ, ಕನ್ನಡ ಹೇಗೂ ಇದೆ, ಇಂಗ್ಲಿಷ್ ಮತ್ತೆ ಹಿಂದಿ ಕೆಲಸಕ್ಕೆ ಬೇಕಾದಷ್ಟು ಕಲೀರಿ. ವ್ಯಾಕರಣ ಯಾರೂ ನೋಡಲ್ಲ.

ಕೇಳೋಕೆ ಹೋಗೋ ಟೈಮೂ ಮುಖ್ಯ. ಡಿಸೆಂಬರ್ ಕೊನೇ ವಾರ ಹೋಗ್ಬೇಡಿ, ಆಗ ಸಿಕ್ಕೋದು ಹತ್ತು ದಿನದ ಕೂಲಿ. ಗಣಪತಿ ಹಬ್ಬ ಆಗ್ತಿದ್ದ ಹಾಗೆ, ದಸರಾ ರಶ್ ಶುರುವಾಗೋ ಮುಂಚೆ, ಮಂಗಳವಾರ ಬುಧವಾರದ ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಹೋಗಿ. ಚೆಕ್‌ಔಟ್ ಗಲಾಟೆ ಇರಲ್ಲ, ಮ್ಯಾನೇಜರ್ ಕೂತು ಮಾತಾಡ್ತಾರೆ. ಆಧಾರ್ ಜೆರಾಕ್ಸ್, ಪಾಸ್‌ಬುಕ್, ಎರಡು ಫೋಟೋ ಜೊತೆಗಿರ್ಲಿ, ಮಳೆಗಾಲದ ಸಂಬಳ ಎಷ್ಟು ಅಂತ ಅವರು ಹೇಳಿದ್ದನ್ನ ವಾಟ್ಸಾಪಲ್ಲಾದ್ರೂ ಬರೆಸ್ಕೊಂಡು ಬನ್ನಿ.