ಹೆಸರು ಬಿಡಿ, ಲೆನ್ಸ್ ಬಿಚ್ಚಿ ನೋಡಿ

ಬೆಳಗಾವಿಯಲ್ಲಿ ನನ್ನ ರಿಪೇರಿ ಟೇಬಲ್ಲಿಗೆ ಹಳೇ ಕ್ಯಾಮೆರಾ ಹೆಚ್ಚಾಗಿ ಎರಡು ಕಡೆಯಿಂದ ಬರುತ್ತವೆ. ಒಂದು, ಕ್ಯಾಂಪಿನ ಹಳೇ ಮಿಲಿಟರಿ ಮನೆಗಳ ಟ್ರಂಕಿನಿಂದ. ಇನ್ನೊಂದು, ಗೋವಾದ ಸಂತೆಗಳಿಂದ ಚೋರ್ಲಾ ಘಾಟ್ ಹತ್ತಿ. ಟ್ರಂಕಿನಿಂದ ಬಂದದ್ದರ ಮೇಲೆ ನನಗೆ ಅಷ್ಟು ಅನುಮಾನ ಇರುವುದಿಲ್ಲ. ಸಂತೆಯಿಂದ ಬಂದ 'ಲೈಕಾ', ಅಂದರೆ ಜರ್ಮನಿಯ ಹೆಸರಾಂತ ಕ್ಯಾಮೆರಾ, ಆದರೆ ಮೇಲಿನ ಹೆಸರು ಓದುವ ಮೊದಲೇ ಲೆನ್ಸ್ ಬಿಚ್ಚುತ್ತೇನೆ.

ಯಾಕೆ ಅಂದರೆ, ಹೆಸರು ಬದಲಿಸುವುದು ಎಲ್ಲಕ್ಕಿಂತ ಸುಲಭದ ಕೆಲಸ. ಮೇಲಿನ ಪ್ಲೇಟ್ ಉಜ್ಜಿ, ಹೊಸದಾಗಿ ಕೆತ್ತಿ, ಬಣ್ಣ ತುಂಬಿದರೆ ಮುಗಿಯಿತು. ನಕಲಿ ಮಾಡುವವನ ಶ್ರಮವೆಲ್ಲ ನಮ್ಮ ಕಣ್ಣು ಮೊದಲು ಬೀಳುವ ಜಾಗದಲ್ಲೇ ಇರುತ್ತದೆ. ಒಳಗಿನ ಯಂತ್ರ ಬದಲಿಸುವ ಉಸಾಬರಿಗೆ ಅವನು ಹೋಗುವುದು ಕಡಿಮೆ.

ನಕಲಿಯ ಒಳಗೆ ಸಾಮಾನ್ಯವಾಗಿ ಇರುವುದು ಸೋವಿಯತ್ ಕ್ಯಾಮೆರಾ. ಜರ್ಮನಿಯ ವೆಟ್ಸ್ಲಾರ್‌ನಿಂದ ಲೈಕಾ-2 ಬಂದದ್ದು 1932ರಲ್ಲಿ. ಎರಡು ವರ್ಷಕ್ಕೆ, 1934ರಲ್ಲಿ, ಖಾರ್ಕಿವ್‌ನಲ್ಲಿ ಅದನ್ನೇ ನೋಡಿಕೊಂಡು ಫೆಡ್ ಕ್ಯಾಮೆರಾ ಮಾಡಲು ಶುರುಮಾಡಿದರು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಕ್ರಾಸ್ನೊಗೊರ್ಸ್ಕ್‌ನಿಂದ ಜೋರ್ಕಿ ಬಂತು. ಇವೆರಡೂ ಲಕ್ಷಗಟ್ಟಲೆ ತಯಾರಾದವು, ಅಗ್ಗಕ್ಕೂ ಸಿಗುತ್ತವೆ. ಆಕಾರ ಲೈಕಾದ್ದೇ. ಮೋಸಕ್ಕೆ ಇನ್ನೇನು ಬೇಕು, ಅಲ್ವಾ?

ಟಿಳಕವಾಡಿಯ ಹುಡುಗನೊಬ್ಬ ಅಂಥದ್ದೊಂದು ತಂದಿದ್ದ. ಬಂಗಾರದ ಬಣ್ಣ, ಹಾವಿನ ಚರ್ಮದ ಹೊದಿಕೆ, ಮೇಲೆ ಹದ್ದು, ಸ್ವಸ್ತಿಕ, 1936ರ ಬರ್ಲಿನ್ ಒಲಿಂಪಿಕ್ಸಿನ ಹೆಸರು.

"ಕಾಕಾ, ಇದು ಖರೇನ ಲೈಕಾ ಐತೇನ್ರಿ?"

"ತಡಿ, ಒಳಗ ನೋಡೂಣು. ಟಾರ್ಚ್ ಹಿಡಿ."

ಲೆನ್ಸ್ ತಿರುಗಿಸಿ ಬಿಚ್ಚಿದೆ. ಲೆನ್ಸ್ ಕೂರುವ ಬಾಯಿಯ ಒಳಗೆ, ಮೇಲ್ಗಡೆ, ಒಂದು ಸಣ್ಣ ತೋಳು ಕಾಣುತ್ತದೆ. ಲೆನ್ಸ್ ಹಿಂದೆ ಮುಂದೆ ಸರಿದಂತೆ ಈ ತೋಳೂ ಸರಿದು, ಫೋಕಸ್ ಹೊಂದಿಸಲು ನೆರವಾಗುವ ರೇಂಜ್‌ಫೈಂಡರಿಗೆ ದೂರ ತಿಳಿಸುತ್ತದೆ. ಲೈಕಾದಲ್ಲಿ ಈ ತೋಳಿನ ತುದಿಗೆ ತಿರುಗುವ ಪುಟ್ಟ ಚಕ್ರ ಇರುತ್ತದೆ. ಉಗುರಿನಿಂದ ಮೆಲ್ಲಗೆ ತಳ್ಳಿದರೆ ಉರುಳುತ್ತದೆ. ಫೆಡ್, ಜೋರ್ಕಿಯಲ್ಲಿ ಚಕ್ರ ಇಲ್ಲ. ತುದಿ ಗಟ್ಟಿ ಲೋಹದ್ದು, ಓರೆಯಾಗಿ ಕತ್ತರಿಸಿದ ಬೆಣೆಯ ಹಾಗೆ. ಹುಡುಗನ ಕ್ಯಾಮೆರಾದಲ್ಲಿ ಇದ್ದದ್ದು ಬೆಣೆ. ನನ್ನ ಮಟ್ಟಿಗೆ ವಿಚಾರಣೆ ಅಲ್ಲಿಗೇ ಮುಗಿಯಿತು.

ಒಂದು ಮಾತು ನೆನಪಿಡಿ. ಚಕ್ರ ಇದ್ದ ಮಾತ್ರಕ್ಕೆ ಅದು ಲೈಕಾ ಅಂತ ಆಗುವುದಿಲ್ಲ. ಜಪಾನಿನ ಕ್ಯಾನನ್ನಿನಲ್ಲೂ ಚಕ್ರ ಇದೆ. ಆದರೆ ಲೈಕಾ ಅಂತ ಬರೆದು ಒಳಗೆ ಬೆಣೆ ಇದ್ದರೆ, ಅದು ಲೈಕಾ ಅಲ್ಲ.

ಆಮೇಲೆ ಲೆನ್ಸನ್ನೇ ನೋಡುತ್ತೇನೆ. ಮೇಲೆ ಲೈಕಾದ ಲೆನ್ಸಿನ ಹೆಸರು 'ಎಲ್ಮಾರ್' ಅಂತ ಕೆತ್ತಿದ್ದರೂ ನಂಬುವುದಿಲ್ಲ. ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಂಡಿಯನ್ನು, ಆದಷ್ಟು ಕಿರಿದು ಮಾಡಿ ಮುಂದಿನಿಂದ ನೋಡಬೇಕು. ನಿಜವಾದ ಎಲ್ಮಾರ್‌ನಲ್ಲಿ ಅಪರ್ಚರಿನ ಎಲೆಗಳು ಮೊದಲ ಗಾಜಿನ ಹಿಂದೆಯೇ ಇರುತ್ತವೆ. ಜೋರ್ಕಿಯ ಇಂಡಸ್ಟಾರ್-22ರಲ್ಲಿ ಎರಡನೇ ಗಾಜಿನ ಹಿಂದೆ, ಒಂದಿಷ್ಟು ಆಳದಲ್ಲಿ. ಎರಡನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಮತ್ತೆ ಮರೆಯುವುದಿಲ್ಲ. ನಕಲಿ ಮಾಡುವವನು ಲೆನ್ಸಿನ ಉಂಗುರ ಕೆತ್ತಬಹುದು, ಗಾಜುಗಳ ಜೋಡಣೆ ಬದಲಿಸಲಾರ. ತಳದ ಪ್ಲೇಟನ್ನೂ ತೆಗೆದು ನೋಡಿ. ತೆಗೆ, ಮುಚ್ಚು ಅಂತ ತಿಳಿಸುವ ಗುರುತು ರಷ್ಯನ್ ಅಕ್ಷರದಲ್ಲಿ ಹಾಗೇ ಉಳಿದಿರುವುದುಂಟು, ಇಲ್ಲವೇ ಉಜ್ಜಿ ಅಳಿಸಿದ ಕಲೆ ಕಾಣುತ್ತದೆ.

ಬಂಗಾರದ ಕಥೆಯನ್ನೂ ಆ ಹುಡುಗನಿಗೆ ಹೇಳಿದೆ. ಲೈಕಾ ತಯಾರಿಸುತ್ತಿದ್ದ ಲೈಟ್ಸ್ ಕಂಪನಿ ಬಂಗಾರದ ಲೇಪ ಕೊಟ್ಟು 'ಲಕ್ಸಸ್' ಮಾಡಿದ್ದು ನಿಜ, 1929ರಿಂದ. ಆದರೆ ಅದು ಲೈಕಾ-1, ಒಳಗೆ ರೇಂಜ್‌ಫೈಂಡರೇ ಇಲ್ಲದ ಮಾಡೆಲ್. ಮಾಡಿದ್ದೂ ನೂರರ ಒಳಗೆ. ಅಂಥದ್ದು ಸಂತೆಯ ಚಾಪೆಯ ಮೇಲೆ ಬಿದ್ದಿರುತ್ತದಾ? ಜರ್ಮನ್ ವಾಯುಪಡೆಯ ಹೆಸರು ಕೆತ್ತಿದ ಅಸಲಿ ಲೈಕಾಗಳೂ ಇವೆ. ಅವು ಹೆಚ್ಚಾಗಿ ಯುದ್ಧಕಾಲದ 3ಸಿ ಮಾಡೆಲ್. ಅದರ ಮುಂಭಾಗದಲ್ಲಿ ಶಟರಿನ ನಿಧಾನ ವೇಗಕ್ಕೆ ಬೇರೆಯೇ ಒಂದು ಗುಂಡಿ ಇರುತ್ತದೆ. ಮೊದಲ ಫೆಡ್, ಜೋರ್ಕಿಗಳಲ್ಲಿ ಅದು ಇಲ್ಲ.

ಸೀರಿಯಲ್ ನಂಬರಿನ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ. ನಾನು ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ನಂಬರ್ ಯಾವುದನ್ನು ಬೇಕಾದರೂ ಕೆತ್ತಬಹುದು. ಅದೂ ಅಲ್ಲದೆ, ಲೈಟ್ಸ್ ಕಂಪನಿಯೇ ಹಳೇ ಲೈಕಾ-1ನ್ನು ವಾಪಸ್ ತೆಗೆದುಕೊಂಡು ರೇಂಜ್‌ಫೈಂಡರ್ ಕೂರಿಸಿ ಕೊಡುತ್ತಿತ್ತು. ನಂಬರ್ ಮಾತ್ರ ಹಳೇದೇ. ಹಾಗಾಗಿ ನಂಬರಿಗೂ ಮಾಡೆಲ್ಲಿಗೂ ತಾಳೆ ಆಗಲಿಲ್ಲ ಅಂತ ಅಸಲಿ ಕ್ಯಾಮೆರಾವನ್ನು ಸುಮ್ನೆ ನಕಲಿ ಅನ್ನಬಾರದು. ಚರ್ಮದ್ದೂ ಹಾಗೆ. ಹಳೇ ಹೊದಿಕೆ ಪುಡಿಯಾಗಿ ಉದುರಿದಾಗ ಅಸಲಿ ಲೈಕಾಕ್ಕೂ ಹೊಸ ಚರ್ಮ ಹಾಕಿಸುತ್ತಾರೆ.

ಸುದ್ದಿ ಕೇಳಿ ಹುಡುಗನ ಮುಖ ಬಾಡಿತು. ನನಗೆ ಬೇಸರ ಆಗುವುದು ಇನ್ನೊಂದಕ್ಕೆ. ಒಂದು ಒಳ್ಳೆಯ ಜೋರ್ಕಿಯನ್ನು ಉಜ್ಜಿ, ಗೀರಿ, ಹಿತ್ತಾಳೆ ಪಾಲಿಶ್ ಕೊಟ್ಟು ಹಾಳು ಮಾಡಿರುತ್ತಾರೆ. ಆ ಕ್ಯಾಮೆರಾ ಚೆನ್ನಾಗಿ ಫೋಟೋ ತೆಗೆಯುತ್ತದೆ. ಇವನದಕ್ಕೆ ಶಟರ್ ಸರಿಮಾಡಿ, ರೇಂಜ್‌ಫೈಂಡರ್ ಹೊಂದಿಸಿ, ಒಂದು ಬ್ಲ್ಯಾಕ್ ಅಂಡ್ ವೈಟ್ ರೋಲ್ ಹಾಕಿಕೊಟ್ಟೆ. "ಕೋಟೆ ಕಡೆ ಹೋಗಿ ಕಮಲ ಬಸದಿ ತಗಿ, ಆಮ್ಯಾಲ ಮಾತಾಡೂಣು" ಅಂದೆ.

ಈಗ ಬಹಳ ಜನ ಫೋನಿನಲ್ಲೇ ಫೋಟೋ ನೋಡಿ ಖರೀದಿ ಮಾಡುತ್ತಾರೆ. ಹಾಗೆ ಕೊಳ್ಳುವವರು ಮಾರುವವರಿಂದ ಮೂರು ಫೋಟೋ ಕೇಳಿ: ಲೆನ್ಸ್ ಬಿಚ್ಚಿದ ಬಾಯಿಯ ಒಳಭಾಗ, ಅಪರ್ಚರ್ ಕಿರಿದು ಮಾಡಿದ ಲೆನ್ಸಿನ ಮುಂಭಾಗ, ತಳದ ಪ್ಲೇಟಿನ ಎರಡೂ ಬದಿ. ಮೊದಲನೆಯದನ್ನು ಕಳಿಸಲು ಹಿಂದೆ ಮುಂದೆ ನೋಡಿದರೆ ದುಡ್ಡು ಕಳಿಸಬೇಡಿ.