ಫಾರಿನ್ ಸಹೋದ್ಯೋಗಿ ಮೊದಲ ಸಲ ಬರ್ತಿದ್ದಾರಾ? ಇವೆಲ್ಲ ಬೇಡ ಅಂತ ಮೊದಲೇ ಹೇಳಿಬಿಡಿ

ಬೆಂಗಳೂರಿನ ನಮ್ಮ ಆಫೀಸಿಗೆ ಹೊರದೇಶದಿಂದ ಯಾರೇ ಬಂದರೂ ಅವರನ್ನು ನೋಡಿಕೊಳ್ಳುವ ಕೆಲಸ ನನ್ನ ತಲೆಗೇ ಕಟ್ಟುತ್ತಾರೆ. ನನ್ನ ಮನೆ ಹೆಬ್ಬಾಳದ ಹತ್ತಿರ ಇದೆ, ಏರ್‌ಪೋರ್ಟ್ ದಾರಿ, ಅದೊಂದೇ ಕಾರಣ ಇರಬೇಕು. ಹೀಗೆ ಹತ್ತು ವರ್ಷದಲ್ಲಿ ಜರ್ಮನಿಯವರು, ಜಪಾನಿನವರು, ಅಮೆರಿಕದವರು ಅಂತ ಸುಮಾರು ಜನರನ್ನು ಕರೆತಂದು, ಊಟ ಮಾಡಿಸಿ, ಮತ್ತೆ ವಿಮಾನ ಹತ್ತಿಸಿದ್ದೇನೆ. ಬರುವ ಮೊದಲು ಎಲ್ಲರೂ ಕೇಳುವುದು ಒಂದೇ: 'ನಾನು ಏನು ಮಾಡಬಾರದು?'

ಅವರಿಗೆ ಹೊಟ್ಟೆ ಕೆಡುವ ಭಯ, ಟ್ರಾಫಿಕ್ ಭಯ. ಸರಿ, ಅವೂ ಇವೆ. ಆದರೆ ನಾಲ್ಕು ದಿನದ ಬಿಸಿನೆಸ್ ಟ್ರಿಪ್ ಹಾಳಾಗುವುದು ಬಹಳ ಸಲ ಚಿಲ್ಲರೆ ಕಾರಣಕ್ಕೆ. ಅದರಲ್ಲಿ ಅರ್ಧಕ್ಕರ್ಧ ಅವರ ತಪ್ಪೇ ಅಲ್ಲ, ಕರೆಸಿಕೊಂಡ ನಮ್ಮದು. ಹಾಗಾಗಿ ಇದನ್ನು ಬರುವವರಿಗಿಂತ ಜಾಸ್ತಿ ಕರೆಸುವವರಿಗೆ ಬರೆಯುತ್ತಿದ್ದೇನೆ.

ಹಂತ 1: 'ಮೂರೇ ದಿನ, ಟೂರಿಸ್ಟ್ ವೀಸಾ ಸಾಕು' ಅನ್ನಬೇಡಿ

ಸಾಕಾಗಲ್ಲ. ಮೀಟಿಂಗಿಗೆ ಬರುವವರು ಬಿಸಿನೆಸ್ ವೀಸಾದಲ್ಲೇ ಬರಬೇಕು. ಇ-ವೀಸಾದಲ್ಲಿ ಇದಕ್ಕೆ ಬೇರೆಯೇ ವಿಭಾಗ ಇದೆ, ಒಂದು ವರ್ಷದವರೆಗೆ ನಡೆಯುತ್ತದೆ, ಹಲವು ಸಲ ಬಂದು ಹೋಗಬಹುದು. ಅರ್ಜಿಗೆ ಇಲ್ಲಿನ ಕಂಪನಿಯ ಹೆಸರು, ವಿಳಾಸ, ಫೋನ್ ನಂಬರ್ ಬೇಕು. ಅವನ್ನು ಅವರು ಕೇಳುವವರೆಗೆ ಕಾಯಬೇಡಿ, ನೀವೇ ಮೊದಲು ಕಳಿಸಿ. ಬರುವ ದಿನಕ್ಕೆ ಕನಿಷ್ಠ 4 ದಿನ ಮೊದಲು ಅರ್ಜಿ ಹಾಕಬೇಕು ಅಂತ ನಿಯಮ. ನಾನು ಎರಡು ವಾರ ಅನ್ನುತ್ತೇನೆ, ಯಾಕೆಂದರೆ ಫಾರ್ಮಿನಲ್ಲಿ ತಾರೀಕು ತಪ್ಪು ಬರೆಯುವುದು ಮಾಮೂಲಿ. ನಮಗೆ 04/05 ಅಂದರೆ ಮೇ 4. ಅಮೆರಿಕದವರಿಗೆ ಅದು ಏಪ್ರಿಲ್ 5. ಹುಟ್ಟಿದ ದಿನವೇ ತಲೆಕೆಳಗಾದರೆ ಇಮಿಗ್ರೇಷನ್ ಕೌಂಟರಿನಲ್ಲಿ ನಿಂತು ಯಾರಿಗೆ ಏನಂತ ಹೇಳುವುದು?

ಇನ್ನೊಂದು ಮಾತು. ಇ-ವೀಸಾ ಅಂತ ಹುಡುಕಿದರೆ ಸರ್ಕಾರದ್ದೇ ಅನ್ನಿಸುವಂಥ ಖಾಸಗಿ ವೆಬ್‌ಸೈಟುಗಳು ಸಾಲಾಗಿ ಬರುತ್ತವೆ, ಫೀಸಿನ ಮೇಲೆ ಇನ್ನಷ್ಟು ಕೀಳುತ್ತವೆ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇದೆಯಾ ನೋಡಲು ಹೇಳಿ. ಅಕ್ಟೋಬರ್ 2025ರಿಂದ ಇ-ಅರೈವಲ್ ಕಾರ್ಡ್, ಅಂದರೆ ಬಂದಿಳಿಯುವ ವಿದೇಶಿಯರು ತಮ್ಮ ವಿವರ ಕೊಡುವ ಫಾರ್ಮ್ ಕೂಡ ಬಂದಿದೆ. ಇಳಿಯುವ ಮುಂಚಿನ 72 ಗಂಟೆಯೊಳಗೆ ಆನ್‌ಲೈನಲ್ಲಿ ತುಂಬುವುದು, ಫೀಸಿಲ್ಲ. ಅದಕ್ಕೂ ಯಾರಾದರೂ ದುಡ್ಡು ಕೇಳಿದರೆ ಅದು ಮೋಸ ಅಂತಲೇ ತಿಳಿಯಿರಿ.

ಅಮೆರಿಕದ ಪಾಸ್‌ಪೋರ್ಟ್ ತೆಗೆದುಕೊಂಡ ನಮ್ಮ ಹಾಸನದ ಹುಡುಗನೇ ಬರುತ್ತಿದ್ದರೂ ಇಷ್ಟೇ. ಒಸಿಐ ಕಾರ್ಡ್ (ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇರಬೇಕು, ಇಲ್ಲ ಅಂದರೆ ವೀಸಾ. 'ನಮ್ಮೂರಿಗೆ ಹೋಗೋದಕ್ಕೆ ವೀಸಾ ಯಾಕೆ' ಅಂತ ಟಿಕೆಟ್ ತೆಗೆದುಕೊಂಡುಬಿಡುವವರು ಇದ್ದಾರೆ.

ಹಂತ 2: ಹೋಟೆಲ್ ತಾರೀಕಿನಲ್ಲಿ ಎಡವಬೇಡಿ

ಇದು ನನಗೇ ಆದದ್ದು. ಯುರೋಪಿನಿಂದ ಬರುವ ಹಲವು ವಿಮಾನ ಬೆಂಗಳೂರಿಗೆ ಇಳಿಯುವುದು ನಡುರಾತ್ರಿ ದಾಟಿದ ಮೇಲೆ. ನಮ್ಮ ಅತಿಥಿ 13ನೇ ತಾರೀಕು ರಾತ್ರಿ 1.40ಕ್ಕೆ ಇಳಿಯುವವರಿದ್ದರು. ನಾನು ಜಾಣನ ಹಾಗೆ 13ರಿಂದ ರೂಮ್ ಬುಕ್ ಮಾಡಿದ್ದೆ. ಬೆಳಗಿನ ಜಾವ ಮೂರೂವರೆಗೆ ಹೋಟೆಲ್ ಕೌಂಟರಿನ ಹುಡುಗ ಬಹಳ ಮರ್ಯಾದೆಯಿಂದ 'ಸಾರ್, ನಿಮ್ಮ ಬುಕಿಂಗ್ ಇವತ್ತು ಮಧ್ಯಾಹ್ನ ಎರಡು ಗಂಟೆಯಿಂದ' ಅಂದ. ಬೇರೆ ರೂಮೂ ಖಾಲಿ ಇರಲಿಲ್ಲ. ಹತ್ತು ಗಂಟೆ ವಿಮಾನದಲ್ಲಿ ಕೂತು ಬಂದ ಮನುಷ್ಯ ಲಾಬಿಯ ಸೋಫಾದಲ್ಲಿ ಶೂ ಬಿಚ್ಚಿ, ಕೋಟನ್ನೇ ಹೊದ್ದು ಮಲಗಿದರು. ನಾನು ಎದುರು ಕುರ್ಚಿಯಲ್ಲಿ ಕೂತು ನೆಲ ನೋಡುತ್ತಿದ್ದೆ. ನಡುರಾತ್ರಿ ಇಳಿಯುವವರಿಗೆ ರೂಮು ಹಿಂದಿನ ತಾರೀಕಿನಿಂದಲೇ ಬೇಕು. ಒಂದು ರಾತ್ರಿಯ ಬಾಡಿಗೆ ಜಾಸ್ತಿ ಹೋಗುತ್ತದೆ, ಹೋಗಲಿ ಬಿಡಿ.

ಅದೇ ಬೆಳಿಗ್ಗೆ ಒಂಬತ್ತಕ್ಕೆ ಮೀಟಿಂಗ್ ಇಡುವುದಂತೂ ಬೇಡವೇ ಬೇಡ. ಮೊದಲ ದಿನ ಮಧ್ಯಾಹ್ನದವರೆಗೆ ಅವರನ್ನು ಸುಮ್ನೆ ಬಿಟ್ಟುಬಿಡಿ.

'ಹೋಟೆಲ್ ಯಾಕೆ, ನಮ್ಮ ಮನೇಲೇ ಇರಲಿ' ಅನ್ನುವ ದೊಡ್ಡ ಮನಸ್ಸಿನವರಿಗೆ ಒಂದು ಕಿವಿಮಾತು. ವಿದೇಶಿಯರನ್ನು ಮನೆಯಲ್ಲಿ ಇರಿಸಿಕೊಂಡರೆ ಅವರು ಬಂದ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನಲ್ಲಿ ಸರ್ಕಾರಕ್ಕೆ ತುಂಬಿ ಕಳಿಸಬೇಕು. ಹೋಟೆಲಿನವರು ಪಾಸ್‌ಪೋರ್ಟ್ ಕಾಪಿ ಕೇಳುವುದೂ ಇದಕ್ಕೇ.

ಹಂತ 3: ಬ್ಯಾಗಿಗೆ ಇವನ್ನು ಹಾಕಬೇಡಿ

ಇ-ಸಿಗರೇಟ್, ಅಂದರೆ ವೇಪ್. 2019ರ ಕಾನೂನಿನ ಪ್ರಕಾರ ಅದನ್ನು ಇಲ್ಲಿಗೆ ತರುವುದೇ ಅಪರಾಧ. ಸ್ಯಾಟಲೈಟ್ ಫೋನ್ ಕೂಡ ಅನುಮತಿ ಇಲ್ಲದೆ ತರುವ ಹಾಗಿಲ್ಲ. ಗುಡ್ಡ ಹತ್ತುವವರು ಬ್ಯಾಗಿಗೆ ಸಿಕ್ಕಿಸಿಕೊಳ್ಳುವ ಅಂಗೈ ಅಗಲದ ಸ್ಯಾಟಲೈಟ್ ಮೆಸೆಂಜರ್ ಇದೆಯಲ್ಲ, ಅದೂ ಇದೇ ಲೆಕ್ಕಕ್ಕೆ ಬರುತ್ತದೆ. ಪಾಪ, ಗೊತ್ತಿಲ್ಲದೆ ತಂದು ಪೊಲೀಸ್ ಸ್ಟೇಷನ್ ಹತ್ತಿದವರಿದ್ದಾರೆ. ಡ್ರೋನ್ ಬೇಡ. ನಮ್ಮ ಕರೆಂಟು 230 ವೋಲ್ಟ್, ಅಮೆರಿಕದ್ದು 120. ಲ್ಯಾಪ್‌ಟಾಪ್ ಚಾರ್ಜರಿಗೆ ಏನೂ ಆಗಲ್ಲ, ಪ್ಲಗ್ಗಿಗೆ ಅಡಾಪ್ಟರ್ ಸಿಕ್ಕಿಸಿದರೆ ಸಾಕು. ಅಲ್ಲಿನ ಹೇರ್ ಡ್ರೈಯರ್ ಮಾತ್ರ ಇಲ್ಲಿ ಹೊಗೆ ಬಿಡುತ್ತದೆ.

ಹಂತ 4: ಒಂದು ದಿನಕ್ಕೆ ಎರಡು ದಿಕ್ಕು ಬೇಡ

ಹೊರಗಿನಿಂದ ಬಂದವರು ಮ್ಯಾಪ್ ನೋಡಿ ಪ್ಲಾನ್ ಹಾಕುತ್ತಾರೆ. ಬೆಳಿಗ್ಗೆ ವೈಟ್‌ಫೀಲ್ಡಿನಲ್ಲಿ ಕ್ಲೈಂಟ್, ಮಧ್ಯಾಹ್ನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ರಿವ್ಯೂ, ಸಂಜೆ ಯಶವಂತಪುರದಲ್ಲಿ ಫ್ಯಾಕ್ಟರಿ. ಒಂದೇ ಊರು ಅಲ್ವಾ ಅಂತ. ನಾವಾದರೂ ನಗಬೇಕು. ನಾವು 'ಮಾಡೋಣ ಸಾರ್' ಅಂದುಬಿಡುತ್ತೇವೆ. ಆಮೇಲೆ ಮಾರತ್ತಹಳ್ಳಿಯ ಹತ್ತಿರ ಕಾರು ನಿಂತಲ್ಲೇ ನಿಂತಾಗ ಅವರು ಗಡಿಯಾರ ನೋಡುತ್ತಾರೆ, ನಾವು ಡ್ರೈವರನ ಬೆನ್ನು ನೋಡುತ್ತೇವೆ, ಡ್ರೈವರ್ 'ಮಳೆ ಬಂದಿದೆ ಸಾರ್ ಮುಂದೆ' ಅನ್ನುತ್ತಾನೆ, ಅಲ್ಲಿಗೆ ಫ್ಯಾಕ್ಟರಿ ಭೇಟಿ ಮುಗಿದ ಹಾಗೇ.

ನನ್ನ ಲೆಕ್ಕ ಸರಳ. ಬೆಳಿಗ್ಗೆ ಯಾವ ದಿಕ್ಕಿಗೆ ಹೋದಿರೋ ಆ ದಿನ ಪೂರ್ತಿ ಅದೇ ದಿಕ್ಕು. ಹೋಟೆಲ್ ಕೂಡ ಕೆಲಸ ಇರುವ ಕಡೆಗೇ. ಎಂ.ಜಿ. ರೋಡಿನಲ್ಲಿ ಚಂದದ ಹೋಟೆಲ್ ಇದೆ ಅಂತ ಅಲ್ಲಿ ಇರಿಸಿ, ದಿನಾ ಎಲೆಕ್ಟ್ರಾನಿಕ್ ಸಿಟಿಗೆ ಓಡಾಡಿಸಬೇಡಿ. ಎರಡು ಕಡೆ ಹೋಗಲೇಬೇಕು ಅಂದರೆ ಮೆಟ್ರೊ ಹತ್ತಿಸಿ. 2023ರ ಅಕ್ಟೋಬರಿನಿಂದ ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಪೂರ್ತಿ ಓಡುತ್ತಿದೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಗೂ ರೈಲಿದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಜಾತ್ರೆಯನ್ನು ಮೇಲಿನಿಂದ ನೋಡಿಕೊಂಡು ಹೋಗುವ ಸುಖವೇ ಬೇರೆ. 'ಗೆಸ್ಟನ್ನ ಮೆಟ್ರೊದಲ್ಲಿ ಕರ್ಕೊಂಡು ಹೋಗೋದಾ' ಅಂತ ನಮ್ಮ ಮ್ಯಾನೇಜರ್ ಮುಖ ಸಿಂಡರಿಸಿದ್ದರು. ಗೆಸ್ಟಿಗೆ ಇಡೀ ಟ್ರಿಪ್ಪಿನಲ್ಲಿ ಬಹಳ ಖುಷಿ ಕೊಟ್ಟದ್ದು ಅದೇ.

ಬಾಡಿಗೆ ಕಾರನ್ನು ತಾವೇ ಓಡಿಸುತ್ತೇನೆ ಅಂದರೆ ಕೈ ಮುಗಿದು ಬೇಡ ಅನ್ನಿ.

ಹಂತ 5: ಮೊದಲ ರಾತ್ರಿಯೇ ಖಾರ ತಿನ್ನಿಸಬೇಡಿ

ಹೊಟ್ಟೆ ಕೆಡುವುದು ರಸ್ತೆ ಬದಿಯ ತಿಂಡಿಯಿಂದ ಅಂತ ಅವರಿಗೆ ಯಾರೋ ಹೇಳಿರುತ್ತಾರೆ. ನಾನು ನೋಡಿದ ಹಾಗೆ ಕೆಡಿಸುವುದು ನಮ್ಮ ಉಪಚಾರ. ಇಳಿದ ದಿನವೇ ಇಡೀ ಟೀಮು ಸೇರಿ ಆಂಧ್ರ ಊಟಕ್ಕೆ ಕರೆದುಕೊಂಡು ಹೋಗಿ, ಅನ್ನಕ್ಕೆ ಗೊಂಗೂರ ಚಟ್ನಿ, ಅದರ ಮೇಲೆ ಪುಡಿ, ಅದರ ಮೇಲೆ ತುಪ್ಪ, 'ಟ್ರೈ ಮಾಡಿ, ಟ್ರೈ ಮಾಡಿ' ಅಂತ ಬಲವಂತ. ಅವರು ಬೆವರು ಒರೆಸಿಕೊಂಡು ನಗುತ್ತಾರೆ. ಮರುದಿನ ಮೀಟಿಂಗಿಗೆ ಇರುವುದಿಲ್ಲ.

ಮೊದಲ ದಿನ ಇಡ್ಲಿ, ಮೊಸರನ್ನ, ಬಾಳೆಹಣ್ಣು ಸಾಕು. ಬಿಸಿಯಾಗಿ ಎದುರಿಗೇ ಮಾಡಿಕೊಟ್ಟದ್ದು ಒಳ್ಳೆಯದು. ಬಫೆಯಲ್ಲಿ ಮೂರು ಗಂಟೆ ತೆರೆದಿಟ್ಟ ಸಲಾಡಿಗಿಂತ ಕಾವಲಿಯಿಂದ ಆಗಷ್ಟೇ ಎದ್ದ ದೋಸೆ ಎಷ್ಟೋ ವಾಸಿ. ನಲ್ಲಿ ನೀರು ಬೇಡ, ಹಲ್ಲುಜ್ಜುವುದಕ್ಕೂ ಬಾಟಲಿ ನೀರೇ ಇರಲಿ. ಎಲ್ಲಿಯದೋ ಗೊತ್ತಿಲ್ಲದ ಐಸ್ ಬೇಡ. ಬ್ಯಾಗಿನಲ್ಲಿ ಎರಡು ಪೊಟ್ಟಣ ಓಆರ್‌ಎಸ್ ಇಟ್ಟುಕೊಡಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಮಸಾಲೆ ದೋಸೆ ಮೂರನೇ ದಿನಕ್ಕಿರಲಿ, ಆ ದಿನ ಶುಕ್ರವಾರ ಅಲ್ಲ ಅಂತ ಮಾತ್ರ ನೋಡಿಕೊಳ್ಳಿ. ಶುಕ್ರವಾರ ಅವರಿಗೆ ರಜೆ.

ಇಲ್ಲಿಗೆ ಬರುವವರು ಆ್ಯಪ್ ನೋಡಿ ನಾಲ್ಕು ಹಿಂದಿ ಪದ ಕಲಿತಿರುತ್ತಾರೆ. ಬೆಂಗಳೂರಿಗೆ ಬರುವವರಿಗೆ ನಾನು ಎರಡು ಕನ್ನಡ ಪದ ಹೇಳಿಕೊಡುತ್ತೇನೆ. ಒಂದು 'ನಮಸ್ಕಾರ', ಇನ್ನೊಂದು 'ಸಾಕು'. ಸಾಕು ಅನ್ನುವುದಕ್ಕೆ ಬರೀ ಬಾಯಿ ಸಾಲದು, ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿಯಬೇಕು. ಇದನ್ನು ಮಾಡಿ ತೋರಿಸಿ. ಒಬ್ಬರು ಮದುವೆ ಊಟದಲ್ಲಿ ಒಂದೇ ಕೈ ಅಡ್ಡ ಹಿಡಿದದ್ದಕ್ಕೆ, ಬಡಿಸುವವರು ಪಕ್ಕದ ಸಂದಿಯಿಂದ ಹೋಳಿಗೆ ಹಾಕಿಯೇ ಹೋದರು.

ಹಂತ 6: 'ಆಯ್ತಾ?' ಅಂತ ಕೇಳಬೇಡಿ

ನನ್ನ ಪ್ರಕಾರ ದುಡ್ಡಿನ ಲೆಕ್ಕದಲ್ಲಿ ಜಾಸ್ತಿ ನಷ್ಟ ಆಗುವುದು ಇಲ್ಲೇ. ಅತಿಥಿ ಟೇಬಲ್ಲಿನ ಸುತ್ತ ನೋಡಿ ಕೇಳುತ್ತಾರೆ: 'ಶುಕ್ರವಾರದ ಒಳಗೆ ಆಗುತ್ತಾ?' ಎಂಟು ತಲೆ ಅಲ್ಲಾಡುತ್ತವೆ. ಯಾರೋ 'ಆಗುತ್ತೆ' ಅನ್ನುತ್ತಾರೆ, ಇನ್ಯಾರೋ 'ನೋಡೋಣ ಸಾರ್' ಅನ್ನುತ್ತಾರೆ. ಅತಿಥಿ ನೋಟ್‌ಬುಕ್ಕಿನಲ್ಲಿ 'ಶುಕ್ರವಾರ' ಅಂತ ಬರೆದು ಕೆಳಗೆ ಗೆರೆ ಎಳೆಯುತ್ತಾರೆ. ನಮಗೆಲ್ಲ ಗೊತ್ತು, ತಲೆ ಅಲ್ಲಾಡಿಸಿದ್ದು 'ನೀವು ಹೇಳಿದ್ದು ಕೇಳಿಸಿತು' ಅಂತ. 'ನೋಡೋಣ' ಅಂದರೆ ಮುಕ್ಕಾಲು ಪಾಲು 'ಇಲ್ಲ'. ದೊಡ್ಡವರ ಎದುರು, ಅದೂ ದೂರದಿಂದ ಬಂದವರ ಮುಖದ ಮೇಲೆ, ಆಗಲ್ಲ ಅನ್ನುವುದು ನಮಗೆ ಬಾಯಿಗೇ ಬರಲ್ಲ.

ಹಾಗಾಗಿ ಅವರಿಗೆ ಮೊದಲೇ ಹೇಳಿ: ಹೌದು-ಇಲ್ಲ ಉತ್ತರ ಬರುವ ಪ್ರಶ್ನೆ ಬೇಡ. 'ಇನ್ನು ಏನೇನು ಬಾಕಿ ಇದೆ? ಯಾವುದಕ್ಕೆ ಯಾರು ಕಾಯುತ್ತಿದ್ದಾರೆ? ಮೊದಲು ಯಾವುದು ಮುಗಿಯುತ್ತದೆ?' ಅಂತ ಕೇಳಿದರೆ ನಿಜ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಿರಿಯರನ್ನು ಅವರ ಬಾಸ್ ಎದುರಿಗೇ ತಪ್ಪು ಹಿಡಿದು ಕೇಳುವುದೂ ಬೇಡ. ಅದೇ ಹುಡುಗನನ್ನು ಕಾಫಿ ಮೆಷಿನ್ ಹತ್ತಿರ ಕೇಳಿ ನೋಡಿ. ಬೈ-ಟು ಕಾಫಿ ಮುಗಿಯುವುದರೊಳಗೆ ಮೂರು ತಿಂಗಳ ಕಥೆ ಹೇಳುತ್ತಾನೆ.

ಲಕ್ಷ, ಕೋಟಿ ಕೂಡ ಅವರನ್ನು ದಾರಿ ತಪ್ಪಿಸುತ್ತದೆ. ಸ್ಲೈಡಿನಲ್ಲಿ 1,50,000 ಅಂತ ನೋಡಿದರೆ ಕಾಮಾ ತಪ್ಪು ಬಿದ್ದಿದೆ ಅಂದುಕೊಳ್ಳುತ್ತಾರೆ. ಅವರು ಬರುವ ವಾರ ಸ್ಲೈಡ್‌ಗಳನ್ನು ಮಿಲಿಯನ್ನಿಗೆ ಬದಲಾಯಿಸಿಕೊಳ್ಳಿ. ಕ್ಯಾಲೆಂಡರನ್ನೂ ಒಮ್ಮೆ ನೋಡಿ. ದಸರಾ ವಾರ, ದೀಪಾವಳಿ ವಾರ ಕರೆಸಿದರೆ ಖಾಲಿ ಕುರ್ಚಿಗಳ ಜೊತೆ ಮೀಟಿಂಗ್ ಮಾಡಬೇಕು. ಅಕ್ಟೋಬರ್ 2ಕ್ಕೆ ಟೀಮ್ ಪಾರ್ಟಿ ಇಟ್ಟುಕೊಂಡು ಬಿಯರ್ ಸಿಗಲಿಲ್ಲ ಅಂತ ಪೇಚಾಡಿದವರನ್ನೂ ನೋಡಿದ್ದೇನೆ.

ಹಂತ 7: ಬರೀ ಕಾರ್ಡ್ ನಂಬಬೇಡಿ

ಹೋಟೆಲಿನಲ್ಲಿ, ಮಾಲಿನಲ್ಲಿ ವಿದೇಶಿ ಕಾರ್ಡ್ ನಡೆಯುತ್ತದೆ. ಎಳನೀರಿನವರ ಹತ್ತಿರ ಇರುವುದು ಕ್ಯೂಆರ್ ಕೋಡ್ ಮಾತ್ರ. ಏರ್‌ಪೋರ್ಟ್ ಎಟಿಎಂನಲ್ಲಿ ಒಂದಿಷ್ಟು ತೆಗೆದುಕೊಂಡರೆ ಸಾಕು, ಆದರೆ ಹೆಚ್ಚಾಗಿ ಬರುವುದು 500ರ ನೋಟು. ನೀವೇ ಒಂದಷ್ಟು ಐವತ್ತು, ನೂರು ಹೊಂದಿಸಿಕೊಡಿ. 2023ರಲ್ಲಿ ಜಿ20 ಸಭೆಗಳ ಹೊತ್ತಿಗೆ ವಿದೇಶಿಯರಿಗೂ ಯುಪಿಐ ವಾಲೆಟ್ ಬಂತು, ಇಲ್ಲಿ ಬ್ಯಾಂಕ್ ಖಾತೆ ಬೇಕಿಲ್ಲ. ನಾಲ್ಕು ದಿನಕ್ಕೆ ಅದರ ಹಿಂದೆ ಬೀಳುವುದು ನಿಮಗೆ ಬಿಟ್ಟದ್ದು.

ಸಿಮ್ ಕೂಡ ಹಾಗೇ. ಪಾಸ್‌ಪೋರ್ಟ್, ವೀಸಾ ತೋರಿಸಿ ಕೊಳ್ಳಬಹುದು, ಆದರೆ ತಕ್ಷಣ ಚಾಲೂ ಆಗುತ್ತೆ ಅನ್ನುವ ಭರವಸೆ ಬೇಡ. ಅಲ್ಲಿವರೆಗೆ ರೋಮಿಂಗ್ ಇರಲಿ. ಇಲ್ಲಿನ ಎಷ್ಟೋ ಆ್ಯಪ್‌ಗಳು ನಮ್ಮ ನಂಬರಿಗೆ ಮಾತ್ರ ಒಟಿಪಿ ಕಳಿಸುವುದರಿಂದ ಊಟ ತರಿಸುವುದು, ಕ್ಯಾಬ್ ಕರೆಯುವುದು ನಿಮ್ಮ ಫೋನಿನಿಂದಲೇ ಆಗಲಿ. ತುರ್ತಿಗೆ 112, ಇದನ್ನು ಚೀಟಿಯಲ್ಲಿ ಬರೆದುಕೊಡಿ.

ಹಂತ 8: ಒಂದೇ ರಜೆಯಲ್ಲಿ ತಾಜ್ ಮಹಲ್ ಬೇಡ

'ಶನಿವಾರ ತಾಜ್ ನೋಡ್ಕೊಂಡು ಬರಬಹುದಾ?' ಇದು ಬಂದೇ ಬರುವ ಪ್ರಶ್ನೆ. ಬೆಂಗಳೂರಿನಿಂದ ದೆಹಲಿಗೆ ವಿಮಾನ, ಅಲ್ಲಿಂದ ಆಗ್ರಾಕ್ಕೆ ರಸ್ತೆಯಲ್ಲಿ ಮೂರು ನಾಲ್ಕು ಗಂಟೆ, ವಾಪಸ್ ಅಷ್ಟೇ. ಚಳಿಗಾಲದಲ್ಲಿ ಮಂಜು ಬಿದ್ದರೆ ವಿಮಾನವೂ ಇಲ್ಲ, ತಾಜೂ ಕಾಣಲ್ಲ. ಶುಕ್ರವಾರ ಅದಕ್ಕೂ ರಜೆ. ಅದರ ಬದಲು ಸೋಮನಾಥಪುರಕ್ಕೆ ಕರೆದುಕೊಂಡು ಹೋಗಿ. 13ನೇ ಶತಮಾನದ ಹೊಯ್ಸಳ ದೇವಸ್ಥಾನ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದೆ, ಬೆಳಿಗ್ಗೆ ಬೇಗ ಹೊರಟರೆ ರಾತ್ರಿ ಊಟಕ್ಕೆ ವಾಪಸ್. ಚಪ್ಪಲಿ ಬಿಡಬೇಕು, ಮಧ್ಯಾಹ್ನದ ಕಲ್ಲು ಸುಡುತ್ತದೆ. ಸಾಕ್ಸ್ ಹಾಕಿಕೊಂಡು ಬರಲು ಹೇಳಿ.

ಹಂತ 9: ಹೊರಡುವ ದಿನ

ಕೊನೆಯ ದಿನ ಸಂಜೆ ಮೀಟಿಂಗ್ ಇಟ್ಟುಕೊಂಡು ಅಲ್ಲಿಂದ ನೇರ ಏರ್‌ಪೋರ್ಟಿಗೆ ಹೋಗುವ ಸಾಹಸ ಬೇಡ. ಎಲೆಕ್ಟ್ರಾನಿಕ್ ಸಿಟಿಯಿಂದ ಏರ್‌ಪೋರ್ಟ್ 50 ಕಿಲೋಮೀಟರಿಗಿಂತ ಜಾಸ್ತಿ, ಊರಿನ ಈ ತುದಿಯಿಂದ ಆ ತುದಿ. ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು. ಟರ್ಮಿನಲ್ಲಿನ ಬಾಗಿಲಲ್ಲೇ ಪಾಸ್‌ಪೋರ್ಟ್, ಟಿಕೆಟ್ ಎರಡೂ ನೋಡುತ್ತಾರೆ, ಹಾಗಾಗಿ ಫೋನ್ ಚಾರ್ಜ್ ಇರಲಿ. ಪವರ್ ಬ್ಯಾಂಕ್ ಕೈ ಬ್ಯಾಗಿನಲ್ಲಿ, ದೊಡ್ಡ ಸೂಟ್‌ಕೇಸಿನಲ್ಲಿ ಬೇಡ.

ಉಡುಗೊರೆಗೆ ಚನ್ನಪಟ್ಟಣದ ಬೊಂಬೆ, ಮೈಸೂರು ಸ್ಯಾಂಡಲ್ ಸೋಪು ಕೊಡಿ, ತೂಕ ಕಮ್ಮಿ. ನಮ್ಮ ಮನೆಯವಳು ಒಬ್ಬರಿಗೆ ತಾಂಬೂಲದ ಜೊತೆ ಕೊಬ್ಬರಿ ಗಿಟುಕು ಇಟ್ಟುಕೊಟ್ಟಿದ್ದಳು. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೇಗ ಬೆಂಕಿ ಹತ್ತುತ್ತೆ ಅಂತ ಅದನ್ನು ಸೂಟ್‌ಕೇಸಿನಲ್ಲಿ ಬಿಡಲ್ಲ. ಬ್ಯಾಗ್ ತೆರೆಸಿ ತೆಗೆಸಿದರಂತೆ. ರಾತ್ರಿ ಹನ್ನೆರಡಕ್ಕೆ ನನಗೆ ಫೋನ್ ಬಂತು: 'ಇದು ಏನು ಅಂತ ಇವರಿಗೆ ಸ್ವಲ್ಪ ಹೇಳ್ತೀಯಾ?'